ಜೆಸಿಬಿ, ಹಿಟಾಚಿ, ಟಿಪ್ಪರ್: ಯಾವ ಗಾಡಿಗೆ ಯಾವ ಕ್ಯಾಮೆರಾ?

ಹೋದ ತಿಂಗಳು ದಾಬಸ್‌ಪೇಟೆ ಹತ್ತಿರದ ನಮ್ಮ ಸೈಟಿನಲ್ಲಿ ಜೆಸಿಬಿಗೆ ರಂಗೋಲಿ ಹಾಕಿದೆವು. ಬಾಂಡ್ಲಿ ಹೊರುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿ ನಕ್ಕರು. "ಏನಣ್ಣ, ಆಯುಧ ಪೂಜೆ ಈಗ್ಲೇ ಬಂತಾ?" ಅಂತ ಒಬ್ಬರು ಕೇಳಿಯೂ ಬಿಟ್ಟರು.

ಪೂಜೆ ಅಲ್ಲ. ಆಪರೇಟರ್‌ಗೆ ಸೀಟಿನಿಂದ ಕಾಣದ ಜಾಗ ಯಾವುದು ಅಂತ ಗುರುತು ಹಾಕುತ್ತಿದ್ದೆವು. ಆಪರೇಟರನ್ನು ಸೀಟಿನಲ್ಲಿ ಕೂರಿಸಿ, ಇಂಜಿನ್ ಆಫ್ ಮಾಡಿಸಿ, ಕೀ ನನ್ನ ಜೇಬಿಗೆ ಹಾಕಿಕೊಂಡೆ. ಹೆಲ್ಪರ್ ಹುಡುಗ ಒಂದು ಮೀಟರ್ ಉದ್ದದ ಕೋಲು ಹಿಡಿದು ಗಾಡಿಯ ಸುತ್ತ ನಿಧಾನವಾಗಿ ನಡೆದ. ಒಂದು ಮೀಟರ್ ಯಾಕೆ ಅಂದರೆ, ಕುಕ್ಕರುಗಾಲಲ್ಲಿ ಕೂತ ಮನುಷ್ಯನ ಎತ್ತರ ಹೆಚ್ಚುಕಡಿಮೆ ಅಷ್ಟೇ. ಕೋಲನ್ನು ನೆಲಕ್ಕೆ ನೆಟ್ಟಗೆ ಊರಿದಾಗ ಅದರ ತುದಿ ಆಪರೇಟರ್‌ಗೆ ನೇರವಾಗಿಯೋ ಕನ್ನಡಿಯಲ್ಲೋ ಕಂಡರೆ "ಐತೆ" ಅನ್ನಬೇಕು. ಕಾಣದಿದ್ದರೆ "ಇಲ್ಲ". "ಇಲ್ಲ" ಬಂದ ಕಡೆಯಲ್ಲೆಲ್ಲ ನಾನು ಸುಣ್ಣದ ಪುಡಿ ಉದುರಿಸುತ್ತಾ ಹೋದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಗಾಡಿಯ ಹಿಂದೆ, ಎಡಕ್ಕೆ, ಮುಂದಿನ ಬಕೆಟ್ ಎದುರಿಗೆ ನೆಲವೆಲ್ಲ ಬೆಳ್ಳಗಾಗಿತ್ತು. ಬರೀ ಹಿಂದಿನ ತುಂಡಿನಲ್ಲೇ ಆರು ಜನ ಸುತ್ತ ಕೂತು ಊಟ ಮಾಡಬಹುದಿತ್ತು.

ಹಾಗೆ ಊಟ ಮಾಡುತ್ತಾರೆ ಕೂಡ. ಬಟಾಬಯಲು ಸೈಟಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನೆರಳು ಸಿಗುವುದು ನಿಂತ ಗಾಡಿಯ ಪಕ್ಕದಲ್ಲೇ ಅಲ್ವಾ?

ಕ್ಯಾಮೆರಾ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದೊಂದೇ. ಖರ್ಚು ಅರ್ಧ ಚೀಲ ಸುಣ್ಣ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ ಬೇರೆ ಬೇರೆ ಯಂತ್ರಗಳಿಗೆ ಇಂಥದ್ದೇ ಕುರುಡು ಜಾಗದ ನಕ್ಷೆಗಳನ್ನು ಬರೆದು ಪ್ರಕಟಿಸಿದೆ. ಐಎಸ್‌ಒ 5006 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಮಣ್ಣು ಕೆಲಸದ ಯಂತ್ರಗಳನ್ನು ಹೀಗೇ ಅಳೆಯುತ್ತದೆ. ಯಂತ್ರದ ಮೈಯಿಂದ 1 ಮೀಟರ್ ದೂರದಲ್ಲಿ ಒಂದು ಗೆರೆ, 12 ಮೀಟರ್ ತ್ರಿಜ್ಯದ ಒಂದು ವೃತ್ತ. ಅವರು ಅದನ್ನು ದೀಪಗಳನ್ನಿಟ್ಟು ಲೆಕ್ಕ ಹಾಕುತ್ತಾರೆ, ನಾವು ಸುಣ್ಣ ಹಾಕಿದೆವು. ಅಂಗಡಿಗೆ ಹೋಗಿ "ಯಾವುದು ಒಳ್ಳೇ ಕ್ಯಾಮೆರಾ?" ಅಂದರೆ ಅವರು ಜಾಸ್ತಿ ಬೆಲೆಯದ್ದನ್ನೇ ತೋರಿಸುತ್ತಾರೆ. ಈ ಬಿಳಿ ತುಂಡಿನ ಫೋಟೋ ಮೊಬೈಲಲ್ಲಿ ಇಟ್ಟುಕೊಂಡು ಹೋದರೆ ಮಾತೇ ಬೇರೆ ಆಗುತ್ತದೆ.

ಒಂದೊಂದು ಗಾಡಿಗೆ ಒಂದೊಂದು ಕುರುಡು

ಬ್ಯಾಕ್‌ಹೋ ಲೋಡರ್ ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಜೆಸಿಬಿಯೇ. ಇದಕ್ಕೆ ಎರಡು ಬೆನ್ನು. ಓಡಿಸುವಾಗ ಬೆನ್ನ ಹಿಂದೆ ಅಗೆಯುವ ತೋಳು ಇರುತ್ತದೆ. ಸೀಟು ತಿರುಗಿಸಿಕೊಂಡು ಅಗೆಯಲು ಕೂತರೆ ಮುಂದಿನ ಬಕೆಟ್ಟೇ ಬೆನ್ನ ಹಿಂದಾಗುತ್ತದೆ. ಗುಂಡಿಯ ಹತ್ತಿರ ಕೆಳಗೆ ಇಳಿಸುವ ಎರಡು ಕಾಲುಗಳ ಬುಡವೂ ಸರಿಯಾಗಿ ಕಾಣುವುದಿಲ್ಲ.

ಎಕ್ಸ್‌ಕವೇಟರ್, ಅಂದರೆ ನಮ್ಮ ಜನರ ಬಾಯಲ್ಲಿ ಹಿಟಾಚಿ. ಅದರ ಕ್ಯಾಬಿನ್ ಎಡಗಡೆ, ಬೂಮ್ ಅಂದರೆ ಉದ್ದ ತೋಳು ಅದರ ಬಲಕ್ಕೆ. ಬೂಮ್ ಕೆಳಗಿಳಿದಾಗ ಬಲಗಡೆ ಪೂರ್ತಿ ಮರೆ. ಹಿಂದೆ ತೋಳಿನ ತೂಕ ಸರಿದೂಗಿಸುವ ಟನ್‌ಗಟ್ಟಲೆ ಕೌಂಟರ್‌ವೇಟ್. ಇದು ರಿವರ್ಸ್ ಹೋಗಿ ಗುದ್ದುವುದಕ್ಕಿಂತ ಸ್ವಿಂಗ್ ಆಗುವಾಗ ಗೋಡೆಗೋ ಮಣ್ಣಿನ ದಿಬ್ಬಕ್ಕೋ ಒತ್ತಿಬಿಡುವ ಭಯವೇ ಜಾಸ್ತಿ. ಗಾಡಿ ಇದ್ದ ಜಾಗದಲ್ಲೇ ಇರುತ್ತದೆ, ಹಿಂಭಾಗ ಮಾತ್ರ ತಿರುಗುತ್ತದೆ. ಹೊಸದಾಗಿ ಬಂದ ಕೂಲಿಯವರಿಗೆ ಇದು ಗೊತ್ತೇ ಇರುವುದಿಲ್ಲ.

ಟಿಪ್ಪರ್ ಮತ್ತು ಟ್ರಾನ್ಸಿಟ್ ಮಿಕ್ಸರ್‌ಗೆ ಹಿಂದೆ ಏನೂ ಕಾಣದು, ಅದು ಎಲ್ಲರಿಗೂ ಗೊತ್ತು. ಆದರೆ ಎಡಗಡೆಯ ಬಾಗಿಲ ಬುಡ ಮತ್ತು ಬಂಪರ್ ಎದುರಿನ ಒಂದೆರಡು ಮೀಟರ್ ಕೂಡ ಅಷ್ಟೇ ಕುರುಡು. ನಮ್ಮಲ್ಲಿ ಡ್ರೈವರ್ ಬಲಗಡೆ, ಎತ್ತರದಲ್ಲಿ ಕೂರುತ್ತಾನೆ. ಸಿಗ್ನಲ್‌ನಲ್ಲಿ ಎಡಕ್ಕೆ ನುಸುಳಿ ನಿಂತ ಸ್ಕೂಟರ್ ಅವನ ಪಾಲಿಗೆ ಇಲ್ಲವೇ ಇಲ್ಲ.

ರೋಲರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ದಿನಪೂರ್ತಿ ಹಿಂದಕ್ಕೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನೂರನೇ ಸಲ ಹಿಂದಕ್ಕೆ ಹೋಗುವಾಗ ಯಾವ ಆಪರೇಟರೂ ಕತ್ತು ತಿರುಗಿಸಿ ನೋಡುವುದಿಲ್ಲ. ಅವನ ತಪ್ಪಲ್ಲ, ಕತ್ತು ನೋಯುತ್ತದೆ.

ವೈರೋ, ವೈರ್‌ಲೆಸ್ಸೋ?

ನನ್ನ ಮೊದಲ ಎಡವಟ್ಟು ಇಲ್ಲೇ ಆಗಿದ್ದು. ಮೊದಲು ಕೊಂಡದ್ದು ವೈರ್‌ಲೆಸ್ ಕ್ಯಾಮೆರಾ. ಟಿಪ್ಪರ್‌ಗೆ ಹಾಕಿಸಿದೆ. ಬಾಡಿಯ ಉದ್ದಕ್ಕೂ ವೈರ್ ಎಳೆಯುವ ರಗಳೆ ಇಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು, ಎಲ್ಲ ಖುಷಿ. ಒಂದು ದಿನ ಜಲ್ಲಿ ಇಳಿಸಲು ರಿವರ್ಸ್ ಬರುತ್ತಿದ್ದಾಗ ಸ್ಕ್ರೀನಿನಲ್ಲಿ ಹಿಂದೆ ಖಾಲಿ ಜಾಗ ಕಾಣುತ್ತಿತ್ತು. ಹೆಲ್ಪರ್ ಮಾತ್ರ "ಹೋಲ್ಡಾನ್! ಹೋಲ್ಡಾನ್!" ಅಂತ ಬಾಡಿ ಬಡಿಯುತ್ತಿದ್ದ. ಇಳಿದು ನೋಡಿದರೆ ಹಿಂದೆ ಎರಡು ಮಾರು ದೂರದಲ್ಲಿ ಸೆಂಟ್ರಿಂಗ್ ಹುಡುಗರ ಬೈಕು ನಿಂತಿದೆ. ಸ್ಕ್ರೀನಿನಲ್ಲಿದ್ದದ್ದು ಕೆಲವು ಸೆಕೆಂಡ್ ಹಿಂದಿನ ಚಿತ್ರ. ಸಿಗ್ನಲ್ ತಪ್ಪಿ ಹೆಪ್ಪುಗಟ್ಟಿತ್ತು.

ಕಪ್ಪು ಸ್ಕ್ರೀನ್ ಆಗಿದ್ದರೆ ಪರವಾಗಿರಲಿಲ್ಲ. ಡ್ರೈವರ್‌ಗೆ ಕಾಣ್ತಿಲ್ಲ ಅಂತ ಗೊತ್ತಾಗಿ ಇಳಿದು ನೋಡುತ್ತಾನೆ. ಸುಳ್ಳು ಚಿತ್ರ ತೋರಿಸುವ ಸ್ಕ್ರೀನ್ ಮಾತ್ರ ಯಾರಿಗೂ ಬೇಡ.

ಈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್, ಪಕ್ಕದ ಗಾಡಿಯ ಕ್ಯಾಮೆರಾ ಎಲ್ಲ ಅದೇ ಗಾಳಿಯಲ್ಲಿವೆ. ಮಧ್ಯೆ ಕಬ್ಬಿಣದ ಬಾಡಿ ಬೇರೆ. ಸಿಗ್ನಲ್ ಚೆನ್ನಾಗಿದ್ದಾಗಲೂ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 5 ಕಿಲೋಮೀಟರ್ ಅಂದರೆ ಸೆಕೆಂಡಿಗೆ 1.4 ಮೀಟರ್. ಚಿತ್ರ ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಗಾಡಿ ಸುಮಾರು ಒಂದು ಗೇಣಿಗಿಂತ ಜಾಸ್ತಿ ಹಿಂದೆ ಬಂದಿರುತ್ತದೆ.

ಹಾಗಂತ ವೈರ್‌ಲೆಸ್ ಪೂರ್ತಿ ಬೇಡ ಅನ್ನುವುದಿಲ್ಲ. ಟ್ರಾಕ್ಟರ್ ಟ್ರೈಲರ್ ಥರ ಆಗಾಗ ಬಿಚ್ಚಿ ಸಿಕ್ಕಿಸುವ ಗಾಡಿಗೆ, ಕ್ರೇನಿನ ಕೊಕ್ಕೆ ನೋಡುವುದಕ್ಕೆ ವೈರ್ ಎಳೆಯುವುದು ಕಷ್ಟ. ಅಲ್ಲಿ ಅದೇ ದಾರಿ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಮಾನಿಟರ್ ಆನ್ ಇರುವಾಗ ಕ್ಯಾಮೆರಾದ ಪ್ಲಗ್ ಕಿತ್ತುಹಾಕಿ. ಸ್ಕ್ರೀನ್ ತಕ್ಷಣ ಕಪ್ಪಾಗಬೇಕು, ಇಲ್ಲವೇ 'ಸಿಗ್ನಲ್ ಇಲ್ಲ' ಅಂತ ಬರಬೇಕು. ಹಳೇ ಚಿತ್ರ ಹಾಗೇ ನಿಂತರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.

ಮಿಕ್ಕ ಎಲ್ಲದಕ್ಕೂ ವೈರ್ ಇರುವುದೇ ಸರಿ. ಅದರಲ್ಲೂ ಎಎಚ್‌ಡಿ ಅನ್ನುವ ಜಾತಿಯದ್ದು. ಹಳೇ ಅನಲಾಗ್ ಕ್ಯಾಮೆರಾಕ್ಕಿಂತ ಚಿತ್ರ ಸ್ಪಷ್ಟ, ವೈರ್ ಕೂಡ ದುಬಾರಿಯಲ್ಲ. ತಿರುಗಿಸಿ ಬಿಗಿ ಮಾಡುವ ನಾಲ್ಕು ಪಿನ್ನಿನ ಲೋಹದ ಕನೆಕ್ಟರ್ ಇರುವುದನ್ನೇ ಕೇಳಿ. ಕಾರಿನ ಮ್ಯೂಸಿಕ್ ಸಿಸ್ಟಮ್ಮಿಗೆ ಸಿಕ್ಕಿಸುವ ಹಳದಿ ಪಿನ್ ಕಲ್ಲುಗಣಿ ರಸ್ತೆಯಲ್ಲಿ ಎರಡು ದಿನಕ್ಕೆ ಕಳಚಿ ಬೀಳುತ್ತದೆ. ಒಂದು ಮಾತು ನೆನಪಿರಲಿ: ಎಎಚ್‌ಡಿ ಕ್ಯಾಮೆರಾಕ್ಕೆ ಎಎಚ್‌ಡಿ ಮಾನಿಟರೇ ಬೇಕು. ಹಳೇ ಮಾನಿಟರ್ ಇದೆ ಅಂತ ಬರೀ ಕ್ಯಾಮೆರಾ ತಂದರೆ ಚಿತ್ರವೇ ಬರದೆ ಇರಬಹುದು.

ಡಬ್ಬದ ಮೇಲಿನ ಅಂಕಿಗಳಲ್ಲಿ ಯಾವುದನ್ನು ನೋಡಬೇಕು

ಮೆಗಾಪಿಕ್ಸೆಲ್ ಬಿಡಿ. 7 ಇಂಚಿನ ಸ್ಕ್ರೀನಿಗೆ 720ಪಿ ಸಾಕು, 1080ಪಿ ಇದ್ದರೆ ಸಂತೋಷ. ಅದಕ್ಕಿಂತ ಮುಖ್ಯವಾದದ್ದು ಕೋನ. ಅಂಗಡಿಯವರು 170 ಡಿಗ್ರಿ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೋನ ಅಗಲವಾದಷ್ಟೂ ಮನುಷ್ಯ ಚಿಕ್ಕದಾಗುತ್ತಾನೆ. 8 ಮೀಟರ್ ಹಿಂದೆ ನಿಂತ ಆಳು 150 ಡಿಗ್ರಿಯ ಕ್ಯಾಮೆರಾದಲ್ಲಿ, 7 ಇಂಚಿನ ಸ್ಕ್ರೀನಿನ ಮೇಲೆ, ಒಂದು ಸೆಂಟಿಮೀಟರ್ ಚಿಲ್ಲರೆ ಎತ್ತರ ಕಾಣುತ್ತಾನೆ. ಅವರೆಕಾಳಿನಷ್ಟು. 110 ಡಿಗ್ರಿಯದ್ದಾದರೆ ಒಂದೂವರೆ ಸೆಂಟಿಮೀಟರ್. ಹತ್ತಿರದ ಕುರುಡು ಜಾಗಕ್ಕೆ, ಅಂದರೆ ಹಿಟಾಚಿಯ ಬಲಗಡೆಗೆ, ಅಗಲ ಕೋನ ಸರಿ. ಟಿಪ್ಪರ್ ದೂರದಿಂದ ರಿವರ್ಸ್ ಬರುವುದಾದರೆ 110-130 ಸಾಕು.

ನೀರು ಮತ್ತು ಧೂಳಿಗೆ ಐಪಿ ರೇಟಿಂಗ್ ನೋಡಿ. ಐಪಿ67 ಅಂದರೆ ಧೂಳು ನುಗ್ಗದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಮಳೆಗೆ ಇದು ಸಾಕು. ಆದರೆ ಗಾಡಿ ತೊಳೆಯುವುದು ಮಳೆಯಲ್ಲ ಅಲ್ವಾ? ವಾಟರ್ ಸರ್ವಿಸ್‌ನಲ್ಲಿ ಹುಡುಗ ಪ್ರೆಷರ್ ಗನ್ ತಂದು ಕ್ಯಾಮೆರಾದ ಮುಖಕ್ಕೇ ಹಿಡಿಯುತ್ತಾನೆ. ಹತ್ತಿರದಿಂದ ಬರುವ ಬಿಸಿನೀರಿನ ಜೋರು ಜೆಟ್ ತಡೆಯುವ ಪರೀಕ್ಷೆ ಐಪಿ69ಕೆ. ಟ್ರಾನ್ಸಿಟ್ ಮಿಕ್ಸರ್‌ಗೆ ದಿನಾ ಕಾಂಕ್ರೀಟ್ ತೊಳೆಯಬೇಕು, ಅದಕ್ಕೆ ಇದೇ ಬೇಕು.

ವೋಲ್ಟೇಜ್ ವಿಚಾರದಲ್ಲಿ ಮೋಸ ಹೋಗಬೇಡಿ. ಬ್ಯಾಕ್‌ಹೋ ಸಾಮಾನ್ಯವಾಗಿ 12 ವೋಲ್ಟ್, ದೊಡ್ಡ ಹಿಟಾಚಿ ಮತ್ತು ಹೆವಿ ಟಿಪ್ಪರ್ 24 ವೋಲ್ಟ್. ಕಾರಿನ ಕ್ಯಾಮೆರಾ ತಂದು 24ಕ್ಕೆ ಕೊಟ್ಟರೆ ಸುಟ್ಟ ವಾಸನೆ ಬರುತ್ತದೆ, ಅಷ್ಟೇ. 10ರಿಂದ 32 ವೋಲ್ಟ್ ಅಂತ ಬರೆದಿರುವ ಮಾನಿಟರ್ ತಂದರೆ ಎರಡಕ್ಕೂ ಆಗುತ್ತದೆ.

ರಾತ್ರಿ ಕೆಲಸಕ್ಕೆ ಇನ್‌ಫ್ರಾರೆಡ್ ದೀಪ ಇರುವ ಕ್ಯಾಮೆರಾ ಚೆನ್ನ ಅಂತ ಎಲ್ಲರೂ ಹೇಳುತ್ತಾರೆ. ಧೂಳಿಲ್ಲದ ಕಡೆ ನಿಜ. ಧೂಳೆದ್ದ ಸೈಟಿನಲ್ಲಿ ಆ ಬೆಳಕು ಧೂಳಿನ ಕಣಗಳಿಗೇ ಬಡಿದು ವಾಪಸ್ ಬರುತ್ತದೆ. ಸ್ಕ್ರೀನ್ ತುಂಬ ಬಿಳಿ ಮಂಜು. ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ. ನಾನು ಹಿಂದೆ ಒಂದು ಒಳ್ಳೇ ಎಲ್‌ಇಡಿ ವರ್ಕ್ ಲೈಟ್ ಹಾಕಿಸಿ, ಕಡಿಮೆ ಬೆಳಕಿಗೆ ಒಗ್ಗುವ ಸೆನ್ಸರ್ ಇರುವ ಕ್ಯಾಮೆರಾ ತಂದೆ. ಆ ಲೈಟ್ ಕಂಡರೆ ಜನರೂ ಪಕ್ಕಕ್ಕೆ ಸರಿಯುತ್ತಾರೆ. ಇನ್‌ಫ್ರಾರೆಡ್ ಯಾರ ಕಣ್ಣಿಗೂ ಬೀಳುವುದಿಲ್ಲ.

360 ಡಿಗ್ರಿ: ಮೇಲಿನಿಂದ ನೋಡಿದ ಹಾಗೆ

ನಾಲ್ಕು ಮೀನುಗಣ್ಣಿನ ಕ್ಯಾಮೆರಾಗಳ ಚಿತ್ರವನ್ನು ಹೊಲಿದು, ಗಾಡಿಯನ್ನು ಹದ್ದು ಮೇಲಿನಿಂದ ನೋಡಿದ ಹಾಗೆ ತೋರಿಸುವ ವ್ಯವಸ್ಥೆ ಇದು. ಮೊದಲ ಸಲ ನೋಡಿದವರು ಬಾಯಿ ಬಿಡುತ್ತಾರೆ. ದೊಡ್ಡ ಕಂಪನಿಗಳ ಹೊಸ ಎಕ್ಸ್‌ಕವೇಟರ್‌ಗಳಲ್ಲಿ ಇದು ಕಂಪನಿಯಿಂದಲೇ ಬರುತ್ತದೆ, ಇಲ್ಲವೇ ಹೆಚ್ಚು ದುಡ್ಡು ಕೊಟ್ಟರೆ ಸಿಗುತ್ತದೆ. ಕೆಲವದರಲ್ಲಿ ಮೂರೇ ಕ್ಯಾಮೆರಾ, 270 ಡಿಗ್ರಿ. ಉಳಿದ ಭಾಗ ಆಪರೇಟರ್‌ಗೆ ಗಾಜಿನಲ್ಲೇ ಕಾಣುತ್ತದೆ ಅನ್ನುವ ಲೆಕ್ಕ. ನನಗೆ ಅದು ಸರಿಯಾದ ಲೆಕ್ಕ ಅನ್ನಿಸುತ್ತದೆ.

ಹೊಲಿಗೆಯ ಜಾಗದಲ್ಲಿ ಒಂದು ತೊಂದರೆ ಇದೆ. ಎರಡು ಕ್ಯಾಮೆರಾಗಳ ಚಿತ್ರ ಸೇರುವ ಮೂಲೆಯಲ್ಲಿ ನಿಂತ ಮನುಷ್ಯ ಅರ್ಧ ಮಾಯವಾಗಬಹುದು, ಇಲ್ಲವೇ ಕಾಲು ಮಾತ್ರ ಕಾಣಬಹುದು. ನಿಂತ ಜನ ಹೊರಗಡೆಗೆ ಎಳೆದ ರಬ್ಬರಿನ ಹಾಗೆ ಉದ್ದುದ್ದ ಕಾಣುತ್ತಾರೆ. ಕಣ್ಣು ಒಗ್ಗಲು ವಾರ ಬೇಕು. ಕೂರಿಸುವಾಗ ಗಾಡಿಯ ಸುತ್ತ ಕಪ್ಪು ಬಿಳುಪು ಚೌಕದ ಬಟ್ಟೆ ಹಾಸಿ ಅಳತೆ ಹೊಂದಿಸುತ್ತಾರೆ. ಆಮೇಲೆ ಯಾವುದಾದರೂ ಕ್ಯಾಮೆರಾ ಕೊಂಬೆಗೆ ಬಡಿದು ಸ್ವಲ್ಪ ಓರೆಯಾದರೆ ಆ ಕೆಲಸ ಪೂರ್ತಿ ಮತ್ತೆ ಮಾಡಬೇಕು. ಮಾರಿದವರು ಅದಕ್ಕೆ ಸೈಟಿಗೆ ಬರುತ್ತಾರಾ, ಬಂದರೆ ದುಡ್ಡು ಎಷ್ಟು ಅಂತ ಮುಂಚೆಯೇ ಬರೆಸಿಕೊಳ್ಳಿ.

ಜೆಸಿಬಿಗೆ ಹೊರಗಿನಿಂದ ತಂದು ಕೂರಿಸುವ 360 ನನಗೆ ಇಷ್ಟವಿಲ್ಲ. ಮುಂದೆ ಬಕೆಟ್, ಹಿಂದೆ ತೋಳು, ಎರಡೂ ಅಲ್ಲಾಡುತ್ತಲೇ ಇರುತ್ತವೆ. ಮೇಲಿನ ನೋಟದಲ್ಲಿ ಅರ್ಧ ಜಾಗ ಕಬ್ಬಿಣವೇ ತುಂಬಿಕೊಳ್ಳುತ್ತದೆ. ಇಪ್ಪತ್ತು ಟನ್ನಿನ ಹಿಟಾಚಿ, ವೀಲ್ ಲೋಡರ್, ಗಣಿಯ ಡಂಪರ್, ಇವಕ್ಕೆ ಮಾತ್ರ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ.

ಮನುಷ್ಯರನ್ನು ಗುರುತಿಸುವ ಎಐ ಕ್ಯಾಮೆರಾ

ಈಗ ಎಲ್ಲರೂ ಇದನ್ನೇ ಮಾರುತ್ತಿದ್ದಾರೆ. ಕ್ಯಾಮೆರಾದಲ್ಲೇ ಒಂದು ಚಿಪ್ ಇರುತ್ತದೆ. ಮನುಷ್ಯ ಕಂಡರೆ ಸುತ್ತ ಒಂದು ಚೌಕ ಎಳೆದು, ಹತ್ತಿರವಾದಂತೆ ಹಳದಿ, ಕೆಂಪು ಮಾಡಿ ಬೀಪ್ ಅನ್ನುತ್ತದೆ. ಬರೀ ಕ್ಯಾಮೆರಾದಲ್ಲಿ ಆಪರೇಟರ್ ಸ್ಕ್ರೀನ್ ನೋಡಿದರೆ ಉಂಟು, ನೋಡದಿದ್ದರೆ ಇಲ್ಲ. ಇದು ಅವನನ್ನೇ ಕರೆದು ತೋರಿಸುತ್ತದೆ. ಆ ಮಟ್ಟಿಗೆ ನಿಜವಾದ ಮುಂದಿನ ಹೆಜ್ಜೆ.

ಡೆಮೋ ಕೊಡಲು ಬಂದ ಹುಡುಗ ಹಸಿರು ಜಾಕೆಟ್ ಹಾಕಿ, ಹೆಲ್ಮೆಟ್ ಹಾಕಿ, ನೆಟ್ಟಗೆ ನಿಂತು ಕ್ಯಾಮೆರಾ ಎದುರು ನಡೆದ. ಬೀಪ್ ಬಂತು. ನಾನು ಅವನನ್ನು ಕೂರಿಸಿ ಟೀ ಕೊಟ್ಟು, ನಮ್ಮವರನ್ನು ಕರೆದೆ. ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸು. ಬಾಗಿ ಕಂಬಿ ಕಟ್ಟುವ ಆಳು. ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುವ ಮೇಸ್ತ್ರಿ. ಪ್ಲಾಸ್ಟಿಕ್ ಗೊಪ್ಪೆ ಹಾಕಿಕೊಂಡವನು. ನಡೆಯುವವರಿಗೆಲ್ಲ ಬೀಪ್ ಬಂತು. ಗೊಪ್ಪೆಯವನಿಗೆ ಒಂದು ಸಲ ಬಂತು, ಒಂದು ಸಲ ಬರಲಿಲ್ಲ. ಕೂತ ಮೇಸ್ತ್ರಿಗೆ ಬರಲೇ ಇಲ್ಲ. ಮೇಸ್ತ್ರಿಗೆ ಬೇಜಾರಾಯಿತು. "ನಾನು ಮನುಷ್ಯ ಅಲ್ವಂತಾ?" ಅಂದ.

ಇದು ಆ ಒಂದು ಮಾಡೆಲ್ಲಿನ ಕಥೆ, ಎಲ್ಲವೂ ಹೀಗೆ ಅಂತ ಅಲ್ಲ. ಅದು ಯಾವ ಫೋಟೋಗಳನ್ನು ನೋಡಿ ಕಲಿತಿದೆಯೋ ಅಂಥವರನ್ನು ಗುರುತಿಸುತ್ತದೆ. ನಿಮ್ಮ ಸೈಟಿನ ಜನ ಆ ಫೋಟೋಗಳಲ್ಲಿ ಇದ್ದರಾ ಅಂತ ತಿಳಿಯುವ ದಾರಿ ಒಂದೇ. ನಿಮ್ಮ ಜನರನ್ನೇ, ನಿಂತ ಗಾಡಿಯ ಹಿಂದೆ, ಅವರು ದಿನಾ ಇರುವ ಭಂಗಿಯಲ್ಲಿ ನಿಲ್ಲಿಸಿ ಕೂರಿಸಿ ನೋಡುವುದು. ಇದಕ್ಕೆ ಒಪ್ಪದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಇನ್ನೊಂದು ತೊಂದರೆ ಇದಕ್ಕೆ ಉಲ್ಟಾ. ಜಾಸ್ತಿ ಕೂಗುವುದು. ಇಕ್ಕಟ್ಟಾದ ಸೈಟಿನಲ್ಲಿ ಹತ್ತು ಮೀಟರ್ ಒಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ. ಬೆಳಿಗ್ಗೆಯಿಂದ ಬೀಪ್ ಬೀಪ್. ಮಧ್ಯಾಹ್ನದ ಹೊತ್ತಿಗೆ ಆಪರೇಟರ್ ಸ್ಪೀಕರ್ ಮೇಲೆ ಇನ್ಸುಲೇಷನ್ ಟೇಪ್ ಹಚ್ಚಿರುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಎಚ್ಚರಿಕೆಯ ದೂರವನ್ನು ಗಾಡಿಗೆ ತಕ್ಕ ಹಾಗೆ ಕಮ್ಮಿ ಜಾಸ್ತಿ ಮಾಡಲು ಆಗುತ್ತದಾ ಅಂತ ಕೇಳಿ. ನಮ್ಮ ಹಿಟಾಚಿಗೆ ಮೂರು ಮೀಟರಿಗೆ ಇಳಿಸಿದ ಮೇಲೆ ಟೇಪ್ ತಾನೇ ಹೋಯಿತು.

ಲಂಡನ್ನಿನವರು ಈ ತೊಂದರೆಯನ್ನು ನಿಯಮದಲ್ಲೇ ಬರೆದಿದ್ದಾರೆ. ಅಲ್ಲಿ 12 ಟನ್ನಿಗಿಂತ ಭಾರದ ಲಾರಿಗಳಿಗೆ, ಕ್ಯಾಬಿನ್‌ನಿಂದ ನೇರವಾಗಿ ಎಷ್ಟು ಕಾಣುತ್ತದೆ ಅಂತ ಸೊನ್ನೆಯಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. 2024ರ ಅಕ್ಟೋಬರ್ 28ರಿಂದ ಕನಿಷ್ಠ ಮೂರು ಸ್ಟಾರ್ ಬೇಕು. ಇಲ್ಲದಿದ್ದರೆ ಕ್ಯಾಮೆರಾ, ಪಕ್ಕದ ಸೆನ್ಸರ್, ಹೊರಡುವಾಗ ಮುಂದೆ ಯಾರಾದರೂ ಇದ್ದರೆ ಎಚ್ಚರಿಸುವ ಸೆನ್ಸರ್ ಎಲ್ಲ ಇರುವ ಒಂದು ಸೆಟ್ ಹಾಕಿಸಬೇಕು. ಪಕ್ಕದ ಸೆನ್ಸರ್ ರಸ್ತೆ ಬದಿಯ ಕಂಬಕ್ಕೂ ನಿಂತ ಗಾಡಿಗೂ ಕೂಗಬಾರದು, ಜನರಿಗೆ ಮಾತ್ರ ಕೂಗಬೇಕು ಅನ್ನುವುದು ಅದರಲ್ಲಿ ಒಂದು ಷರತ್ತು. ಬೆಂಗಳೂರಿನಲ್ಲಿ ಓಡುವ ಮಿಕ್ಸರ್‌ಗೆ ನಾನು ಏನಾದರೂ ಕೊಳ್ಳುವುದಿದ್ದರೆ ಆ ಪಟ್ಟಿಯನ್ನೇ ಹಿಡಿದು ಕೇಳುತ್ತೇನೆ. ನಮ್ಮಲ್ಲೂ ನಿಯಮ ಇಲ್ಲವೆಂದಲ್ಲ. ನಿರ್ಮಾಣ ಯಂತ್ರಗಳ ಸುರಕ್ಷತೆಗೆ ಎಐಎಸ್-160 ಅನ್ನುವ ಮಾನದಂಡ 2021ರ ಏಪ್ರಿಲ್‌ನಿಂದ ಹಂತ ಹಂತವಾಗಿ ಬಂದಿದೆ. ಯಂತ್ರ ಚಲಿಸುವಾಗ ಸದ್ದು ಮಾಡುವ ಅಲಾರಂ, ಆಪರೇಟರ್‌ಗೆ ಕಾಣುವ ಜಾಗ ಎರಡೂ ಅದರಲ್ಲಿವೆ. ಆದರೆ ಅದು ಹೊಸ ಯಂತ್ರಗಳಿಗೆ. ನಮ್ಮ ನಿಮ್ಮ ಹತ್ತಿರ ಇರುವ ಹತ್ತು ವರ್ಷದ ಹಳೇ ಗಾಡಿಗೆ ನಾವೇ ದಾರಿ ನೋಡಿಕೊಳ್ಳಬೇಕು.

ರಾಡಾರ್ ಬಗ್ಗೆ ಎರಡು ಮಾತು. ಧೂಳು, ಮಳೆ, ಕತ್ತಲು ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಗಣಿಯಲ್ಲಿ ಅದು ರಾಜ. ಆದರೆ ಅದಕ್ಕೆ ಮಣ್ಣಿನ ಗುಡ್ಡೆಯೂ ಒಂದೇ, ಮನುಷ್ಯನೂ ಒಂದೇ. ಇಕ್ಕಟ್ಟಾದ ಸೈಟಿಗೆ ಒಂಟಿಯಾಗಿ ಬೇಡ. ಕಾರಿನ ಬಂಪರಿನಲ್ಲಿರುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳು ಕೆಸರು ಮೆತ್ತಿದ ದಿನವೇ ಸುಮ್ನೆ ಆಗಿಬಿಡುತ್ತವೆ. ಕೂಲಿಯವರ ಹೆಲ್ಮೆಟ್ಟಿಗೆ ಟ್ಯಾಗ್ ಸಿಕ್ಕಿಸುವ ವ್ಯವಸ್ಥೆಯೂ ಇದೆ. ಗೇಟಿನಲ್ಲಿ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ದೊಡ್ಡ ಪ್ರಾಜೆಕ್ಟ್‌ಗೆ ಸರಿ. ಶೆಡ್ಡಿನಿಂದ ಓಡಿ ಬರುವ ಮಗುವಿನ ತಲೆಯಲ್ಲಿ ಟ್ಯಾಗ್ ಇರುವುದಿಲ್ಲ.

ರೆಕಾರ್ಡಿಂಗ್ ಬೇಕಾ?

ಬೇಕು, ಆದರೆ ಅದನ್ನು ಸುರಕ್ಷತೆಯ ಲೆಕ್ಕಕ್ಕೆ ಹಾಕಬೇಡಿ. ಅದು ಆದ ಮೇಲಿನ ಮಾತು. ಇನ್ಶೂರೆನ್ಸ್, ಡೀಸೆಲ್ ಕಳ್ಳತನ, "ನಾನು ಗುದ್ದಿಲ್ಲ, ಅವನೇ ಬಂದ" ಅನ್ನುವ ಜಗಳ, ಇವಕ್ಕೆ ಉಪಯೋಗ. ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ 1.8 ಜಿಬಿ. ದಿನಕ್ಕೆ ಹತ್ತು ಗಂಟೆ ಓಡಿದರೆ 128 ಜಿಬಿ ಕಾರ್ಡಿನಲ್ಲಿ ಏಳು ದಿನದ ರೆಕಾರ್ಡಿಂಗ್. ಶನಿವಾರ ಆದದ್ದು ಹತ್ತು ದಿನ ಬಿಟ್ಟು ನೆನಪಾದರೆ ಅಳಿಸಿಹೋಗಿರುತ್ತದೆ.

ಕೂರಿಸುವಾಗ

ಒಳ್ಳೇ ಕ್ಯಾಮೆರಾ ಹಾಳಾಗುವುದು ಇಲ್ಲಿ. ಕ್ಯಾಬಿನ್ನಿನ ಚೌಕಟ್ಟಿಗೆ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಬೇಡಿ. ಗಾಡಿ ಪಲ್ಟಿಯಾದರೆ ಆಪರೇಟರನ್ನು ಉಳಿಸುವುದು ಅದೇ ಚೌಕಟ್ಟು. ಕ್ಲಾಂಪ್ ಹಾಕಿ ಬೋಲ್ಟ್ ಬಿಗಿದರೆ ಸಾಕು. ಬೇರೆ ಕಡೆ ವೆಲ್ಡಿಂಗ್ ಮಾಡಲೇಬೇಕಾದರೆ ಮೊದಲು ಬ್ಯಾಟರಿ ಕನೆಕ್ಷನ್ ಕೀಳಿ, ಇಲ್ಲದಿದ್ದರೆ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಬಹುದು.

ಟಿಪ್ಪರಿನಲ್ಲಿ ಕ್ಯಾಮೆರಾವನ್ನು ಎತ್ತುವ ಬಾಡಿಗೆ ಹಾಕಬೇಡಿ, ಚಾಸಿಗೆ ಹಾಕಿ. ಬಾಡಿಗೇ ಹಾಕಬೇಕಾದರೆ ಕೀಲಿನ ಹತ್ತಿರ ವೈರನ್ನು ಒಂದು ಸುತ್ತು ಸಡಿಲ ಬಿಡಿ. ವೈರನ್ನು ಫ್ಲೆಕ್ಸಿಬಲ್ ಪೈಪಿನೊಳಗೆ ಎಳೆಸಿ. ಶೆಡ್ಡಿನಲ್ಲಿ ಎರಡು ದಿನ ನಿಂತರೆ ಇಲಿಗೆ ಮೊದಲು ರುಚಿಸುವುದು ಈ ಹೊಸ ವೈರೇ.

ರಿವರ್ಸ್ ಲೈಟಿನ ವೈರಿನಿಂದ ಮಾನಿಟರ್‌ಗೆ ಸಿಗ್ನಲ್ ಕೊಟ್ಟರೆ ರಿವರ್ಸ್ ಹಾಕಿದ ಕೂಡಲೇ ಚಿತ್ರ ಬರುತ್ತದೆ. ಹಿಟಾಚಿಗೆ ರಿವರ್ಸ್ ಗೇರೇ ಇಲ್ಲ. ಅದಕ್ಕೆ ಕೀ ಆನ್ ಮಾಡಿದಾಗಿನಿಂದ ಆಫ್ ಮಾಡುವವರೆಗೆ ಚಿತ್ರ ಇರುವಂತೆ ಕನೆಕ್ಷನ್ ಕೊಡಿಸಿ. ನಮ್ಮ ಆಟೋ ಎಲೆಕ್ಟ್ರಿಷಿಯನ್ ಇದನ್ನು ಕೇಳಿ ಐದು ನಿಮಿಷ ರಿವರ್ಸ್ ವೈರ್ ಹುಡುಕಿದ್ದ, ಪಾಪ.

ಹಿಂದಿನ ಚಿತ್ರ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿರಬೇಕು. ಎಡಗಡೆಯ ಮನುಷ್ಯ ಸ್ಕ್ರೀನಿನಲ್ಲೂ ಎಡಗಡೆಯೇ ಇರಬೇಕು. ಸೆಟ್ಟಿಂಗಿನಲ್ಲಿ 'ಮಿರರ್' ಅಂತ ಇರುತ್ತದೆ. ಇದು ತಪ್ಪಿದ್ದರೆ ಕ್ಯಾಮೆರಾ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ನನ್ನ ಆಯ್ಕೆ

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಎಲ್ಲ ಗಾಡಿಗೂ ಒಂದೊಂದು ಎಎಚ್‌ಡಿ ಕ್ಯಾಮೆರಾ ಹಾಕಿ. ಒಂದೇ ಗಾಡಿಗೆ ಎಐ ಹಾಕಿ ಮಿಕ್ಕವನ್ನು ಕುರುಡು ಬಿಡಬೇಡಿ. ರೋಲರ್‌ಗೆ ಹಿಂದೆ ಒಂದು ಸಾಕು, ಅದೂ ಮೊದಲು ಹಾಕಿಸಿ. ಟಿಪ್ಪರ್‌ಗೆ ಹಿಂದೆ ಒಂದು, ಎಡಕ್ಕೆ ಒಂದು. ಊರೊಳಗೆ ಓಡುವ ಮಿಕ್ಸರ್‌ಗೆ ಎಡದ್ದು ಎಐ ಇರಲಿ, ಮುಂದಿನ ಬಂಪರಿಗೂ ಒಂದು ಇರಲಿ. ಹಿಟಾಚಿಗೆ ಬಲಕ್ಕೆ ಮತ್ತು ಹಿಂದಕ್ಕೆ ಎರಡು, ಒಂದೇ ಸ್ಕ್ರೀನಿನಲ್ಲಿ ಪಕ್ಕ ಪಕ್ಕ. ಹೊಸದು ಕೊಳ್ಳುತ್ತಿದ್ದರೆ ಕಂಪನಿಯ 270 ಅಥವಾ 360 ಕೇಳಿ. ಸಾಲದ ಕಂತಿನಲ್ಲಿ ಅದೂ ಸೇರಿಹೋಗುತ್ತದೆ. ಕ್ಯಾಬಿನ್ನಿನಲ್ಲಿ ಎರಡನೇ ಮಾನಿಟರ್ ಮಾತ್ರ ಬೇಡ. ಜಿಪಿಎಸ್, ಮೊಬೈಲ್, ಫ್ಯಾನು, ದೇವರ ಫೋಟೋ ಈಗಾಗಲೇ ಸಾಕಷ್ಟಿವೆ.

"ಬರ್ಲಿ ಬರ್ಲಿ" ಅನ್ನುವ ಹುಡುಗನನ್ನು ಕ್ಯಾಮೆರಾ ಬಂತು ಅಂತ ಬಿಡಿಸಬೇಡಿ. ಅವನು ಗಾಡಿಯ ನೇರ ಹಿಂದೆ ನಿಲ್ಲದೆ, ಸ್ಕ್ರೀನಿನಲ್ಲಿ ಪೂರ್ತಿ ಕಾಣುವ ಮೂಲೆಯಲ್ಲಿ ನಿಲ್ಲಲಿ. ಅವನು ಕಾಣದಿದ್ದರೆ ಗಾಡಿ ನಿಲ್ಲಬೇಕು. ಬೆಳಿಗ್ಗೆ ಆಯಿಲ್ ಚೆಕ್ ಮಾಡುವಾಗಲೇ ಲೆನ್ಸ್ ಒರೆಸುವುದೂ ಅವನದೇ ಕೆಲಸ. ಆಯುಧ ಪೂಜೆಯ ಮಾರನೇ ದಿನ ಸ್ವಲ್ಪ ಜಾಸ್ತಿಯೇ ಒರೆಸಬೇಕು. ಹೋದ ವರ್ಷ ನಮ್ಮ ಪೂಜಾರಿ ಹೆಡ್‌ಲೈಟಿಗೆ ಇಟ್ಟ ಹಾಗೆ ಕ್ಯಾಮೆರಾಕ್ಕೂ ಭಕ್ತಿಯಿಂದ ಅರಿಶಿನ ಕುಂಕುಮ ಇಟ್ಟಿದ್ದರು. ಎರಡು ದಿನ ಆಪರೇಟರ್‌ಗೆ ಇಡೀ ಸೈಟು ಕೆಂಪಗೆ ಕಂಡಿತು.

ದಾಬಸ್‌ಪೇಟೆಯ ಜೆಸಿಬಿಗೆ ಕ್ಯಾಮೆರಾ ಹಾಕಿಸಿದ ಮೇಲೆ ಮತ್ತೆ ಅದೇ ಕೋಲು, ಅದೇ ಸುಣ್ಣ. ಕ್ಯಾಬಿನ್ ಸೂರಿನ ಹಿಂದಿನ ಎಡಮೂಲೆಯಲ್ಲಿ ಒಂದು, ಮುಂದಿನ ಬಕೆಟ್ ಕಡೆಗೆ ಒಂದು. ಈ ಸಲ "ಐತೆ" ಜಾಸ್ತಿ, "ಇಲ್ಲ" ಕಮ್ಮಿ. ಬಲಗಡೆ ಹಿಂದಿನ ಕಾಲಿನ ಬುಡದಲ್ಲಿ ಮಾತ್ರ ಒಂದು ಚಾಪೆಯಷ್ಟು ಜಾಗ ಬೆಳ್ಳಗೆ ಉಳಿಯಿತು. ಅಂಗಡಿಯವನಿಗೆ ಫೋನ್ ಮಾಡಿದರೆ ಮೂರನೇ ಕ್ಯಾಮೆರಾ ಹಾಕಿಸಿ ಅಂದ. ಹೆಲ್ಪರ್ ಹುಡುಗ ಅಲ್ಲಿ ಇಲ್ಲಿ ಬಗ್ಗಿ ನೋಡಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಉಬ್ಬುಗನ್ನಡಿ ತಂದು ಕ್ಲಾಂಪ್ ಹಾಕಿ ಕೂರಿಸಿದ. ಆಪರೇಟರ್ ಕತ್ತು ಒಂಚೂರು ಓರೆ ಮಾಡಿ ನೋಡಿದ. "ಐತೆ" ಅಂದ.